ಅಮ್ಮನ ಕಾಲದ ಪಫ್ ತೋಳಿನ ರವಿಕೆ
ದಾವಣಗೆರೆಯಲ್ಲಿ ಮನೆಯಲ್ಲೇ ಹಳೇ ಕಾಲದ ಮಾದರಿಯ ಬಟ್ಟೆ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಅಮ್ಮನ ಮದುವೆ ಫೋಟೋ ತೋರಿಸಿ, ಗುಳೇದಗುಡ್ಡದ ಖಣದಲ್ಲಿ ಅದೇ ಪಫ್ ತೋಳಿನ ರವಿಕೆ ಬೇಕು ಅಂದೆ. ಖಣದ ಅಗಲ ಕಡಿಮೆ, ತೋಳಿಗೆ ನೆರಿಗೆ ಹಿಡಿದರೆ ಬಟ್ಟೆ ಸಾಲಲ್ಲ ಎಂದು ಮೊದಲೇ ಹೇಳಿ ಇನ್ನೊಂದು ತುಂಡು ತರಿಸಿದರು, ಹತ್ತಿ ಲೈನಿಂಗನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿ ಹಾಕಿದರು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ ಮೇಲಿನದು ಸುಕ್ಕಾಗುತ್ತದೆ, ಅಲ್ವಾ? ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಟ್ಟಿದ್ದಾರೆ, ಬೆಣ್ಣೆ ದೋಸೆ ಊರಲ್ಲಿ ಅದು ಬೇಕೇ ಬೇಕು.

ಆದರೆ ಹತ್ತು ದಿನ ಅಂದವರು ಮೂರು ವಾರ ಮಾಡಿದರು. ತಂಗಿ ಮನೆಯ ಗೃಹಪ್ರವೇಶಕ್ಕೆ ಹಳೇ ರವಿಕೆಯಲ್ಲೇ ಹೋದೆ. ಕೂಲಿ 850 ರೂಪಾಯಿ, ಸ್ವಲ್ಪ ಜಾಸ್ತಿನೇ. ಮುಂದಿನ ಖಣ ಈಗಲೇ ಕೊಟ್ಟು ಬಂದಿದ್ದೇನೆ, ದೀಪಾವಳಿಗೆ ಸಿಕ್ಕರೆ ಸಾಕು.