‘ಕೋಳಿ’ ಹಬ್ಬದ ಮೀನೂಟ: ವರ್ಸೋವಾಕ್ಕೆ ಹೋದರೆ ಬೊಂಬಿಲ್ ತಿನ್ನಿ

ಮೊದಲೇ ಹೇಳಿಬಿಡಬೇಕು: ಇಲ್ಲಿ ಕೋಳಿ ಅಂದರೆ ಹುಂಜ ಅಲ್ಲ, ಮುಂಬಯಿಯ ಮೂಲ ಮೀನುಗಾರರು. ಅಂಧೇರಿ ಪಶ್ಚಿಮದ ವರ್ಸೋವಾ ಕೋಳಿವಾಡದವರು ವರ್ಷಕ್ಕೊಮ್ಮೆ ನಡೆಸುವ ಈ ಹಬ್ಬದಲ್ಲಿ ಒಲೆ ಮುಂದೆ ನಿಲ್ಲುವುದು ಅಲ್ಲಿನ ಹೆಂಗಸರೇ.

ಪಾಂಪ್ಲೆಟ್, ಅಂಜಲ್ ಯಾವ ಹೋಟೆಲಿನಲ್ಲೂ ಸಿಕ್ಕೀತು. ಇಲ್ಲಿ ದುಡ್ಡು ಹಾಕಬೇಕಾದ್ದು ಬೊಂಬಿಲ್, ಅಂದರೆ ‘ಬಾಂಬೆ ಡಕ್’ ಮೀನಿನ ಫ್ರೈಗೆ. ಆ ಮೀನಿನ ಮೈಯೆಲ್ಲ ನೀರು. ಹೊಟ್ಟೆ ಸೀಳಿ, ನಡುಮುಳ್ಳು ತೆಗೆದು, ಎರಡು ಮಣೆಗಳ ನಡುವೆ ಹರಡಿ, ಮೇಲೆ ಕಲ್ಲು ಹೇರಿ ಒಂದು ಗಂಟೆಯಾದರೂ ನೀರಿಳಿಸಬೇಕು. ಉಪ್ಪು, ಮಸಾಲೆ ಸವರಿದ ಮೇಲೆ ತಡಮಾಡುವಂತಿಲ್ಲ. ಮೀನು ಮತ್ತೆ ನೀರು ಬಿಟ್ಟು, ಹೊರಗಿನ ಅಕ್ಕಿಹಿಟ್ಟು-ರವೆ ಮುದ್ದೆಯಾಗಿ ಕಾವಲಿಗೆ ಅಂಟಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಬಾಲ ಹಿಡಿದೆತ್ತಿದರೆ ತುಂಡು ನೆಟ್ಟಗೆ ನಿಲ್ಲಬೇಕು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದರೆ ಕಲ್ಲು ಹೇರಿಲ್ಲ ಅಂತಲೇ ಲೆಕ್ಕ. ಜನ ಮುತ್ತಿಕೊಳ್ಳುವ ಮೊದಲೇ ಹೋಗಿ. ನೂಕುನುಗ್ಗಲಿನಲ್ಲಿ ಕಾವಲಿ ತುಂಬ ಮೀನು ಹಾಕಿದರೆ ಎಣ್ಣೆಯ ಕಾವು ಇಳಿದು, ಮೀನು ಹುರಿಯುವುದಿಲ್ಲ, ಬೇಯುತ್ತದೆ.

ಮೀನುಸಾರನ್ನು ಇಲ್ಲಿ ಕಾಲವಣ ಅನ್ನುತ್ತಾರೆ. ಜೊತೆಗೆ ಅಕ್ಕಿರೊಟ್ಟಿ. ತೆಂಗಿನಕಾಯಿ, ಬ್ಯಾಡಗಿ ಮೆಣಸು ಅರೆದ ಮಂಗಳೂರಿನ ದಪ್ಪ ಗಸಿ ನಿರೀಕ್ಷಿಸಿದವರಿಗೆ ತೆಳು ಅನ್ನಿಸಬಹುದು. ಆದರೆ ಎರಡನೇ ತುತ್ತಿಗೆ ಗರಂ ಮಸಾಲೆಯ ಖಾರ ಗಂಟಲಿಗೆ ಹತ್ತುತ್ತದೆ. ತಿಸ್ರ್ಯಾ, ಅಂದರೆ ನಮ್ಮ ಮರ್ವಾಯಿ, ತಿನ್ನುವಾಗ ಬಾಯಿ ಬಿಡದ ಚಿಪ್ಪನ್ನು ಬಲವಂತವಾಗಿ ತೆರೆಯಬೇಡಿ, ಪಕ್ಕಕ್ಕಿಡಿ. ಹಲ್ಲಿಗೆ ಮರಳು ಸಿಕ್ಕಿದರೆ ಉಪ್ಪುನೀರಿನಲ್ಲಿ ಸಾಕಷ್ಟು ಹೊತ್ತು ನೆನೆಸಿಲ್ಲ.

ಕೋಳಿ ಮಸಾಲೆ ಕೊಳ್ಳುವುದಾದರೆ ಕಾಲು ಕಿಲೋ ಸಾಕು. ಅದನ್ನು ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ಬಿಸಿಲಲ್ಲಿ ಮೆಣಸು ಒಣಗಿಸಿ ಕುಟ್ಟುವುದು ವಾಡಿಕೆ. ಚಳಿಗಾಲದ ಈ ಹಬ್ಬದ ಹೊತ್ತಿಗೆ ಏಳೆಂಟು ತಿಂಗಳು ಹಳೆಯದಾಗಿರುತ್ತದೆ, ಮೂಸಿ ನೋಡಿಯೇ ತೆಗೆದುಕೊಳ್ಳಿ. ವರ್ಸೋವಾ ದಂಡೆಯಲ್ಲಿ ಬಿದಿರಿನ ಅಟ್ಟಣೆಗೆ ಬಾಯಿಗೆ ಬಾಯಿ ಸಿಕ್ಕಿಸಿ ಒಣಗಿಸಿದ ಬೊಂಬಿಲ್ ಕೂಡ ಒಳ್ಳೆಯದೇ. ಬಗ್ಗಿಸಿದರೆ ಪಟ್ಟೆಂದು ಮುರಿಯಬೇಕು. ರಬ್ಬರಿನಂತೆ ಬಾಗಿದರೆ ಪಸೆ ಉಳಿದಿದೆ, ಬೂಷ್ಟು ಗ್ಯಾರಂಟಿ. ಊರಿಗೆ ಒಯ್ಯುವವರು ಪೇಪರಿನಲ್ಲಿ ಸುತ್ತಿ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಮಂಗಳೂರು ತಲುಪುವ ಹೊತ್ತಿಗೆ ಇಡೀ ಬಸ್ಸಿಗೇ ವಿಷಯ ಗೊತ್ತಾಗಿರುತ್ತದೆ.