ಮೋಹನಕ್ಕೆ ಒಲಿಯುತ್ತದೆ, ತೋಡಿಗೆ ಒಲಿಯದು: ಯಾಂಗ್‌ಚಿನ್ 402

ಮೈಸೂರು ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ. ತಂತಿಗಳನ್ನು ಕೋಲಿನಿಂದ ಬಡಿದು ನುಡಿಸುವ ಸಂತೂರ್ ಮೇಲೆ ಮೊದಲಿಂದಲೂ ಆಸೆ. ಆದರೆ ರಾಗ ಬದಲಾದಾಗಲೆಲ್ಲ ಅದನ್ನು ಶ್ರುತಿ ಮಾಡುತ್ತ ಕೂರಲು ಪಾಠದ ನಡುವೆ ಪುರುಸೊತ್ತೆಲ್ಲಿ? ಹಾಗಾಗಿ ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ ಯಾಂಗ್‌ಚಿನ್ ತಂದೆ. ಸಂತೂರಿನ ಬಳಗದ್ದೇ ಚೀನೀ ವಾದ್ಯ. ಮಿಂಗ್ ಅರಸರ ಕಾಲದ ಕೊನೆಗೆ ಪರ್ಷಿಯಾ ಕಡೆಯಿಂದ ಸಮುದ್ರದ ಹಾದಿಯಲ್ಲಿ ಅಲ್ಲಿಗೆ ಬಂತೆನ್ನುತ್ತಾರೆ. ನನ್ನದು 402 ಮಾದರಿ. ನೂರಕ್ಕೂ ಮಿಕ್ಕಿ ತಂತಿ, ನಾಲ್ಕು ಸ್ಥಾಯಿಗೂ ಹೆಚ್ಚು ಹರವು, ಹನ್ನೆರಡು ಸ್ವರಸ್ಥಾನಗಳೂ ಸಿದ್ಧ. ಐದು ಮನೆ ಶ್ರುತಿಗೆ (ಪಾಶ್ಚಾತ್ಯರ G) ಷಡ್ಜ ಹಿಡಿದುಕೊಂಡರೆ ಯಾವ ರಾಗದ ಸ್ವರಗಳಿಗಾದರೂ ಕೂತ ಹಾಗೇ ಕೈ ಹಾಕಬಹುದು.

ಕೋಲುಗಳು ಬಲು ಚೆಂದ. ತೆಳು ಬಿದಿರು, ತುದಿಗೆ ರಬ್ಬರು. ಬೆರಳು ಸಡಿಲ ಬಿಟ್ಟರೆ ಕೋಲು ತಂತಿ ಮುಟ್ಟಿ ತಾನೇ ಮೇಲೇಳುತ್ತದೆ, ಬಿಗಿ ಹಿಡಿದರೆ ನಾದ ಅಲ್ಲೇ ಕಮರುತ್ತದೆ. ಮಗುಚಿ ಬರೀ ಬಿದಿರಿನ ಮಗ್ಗುಲಿಂದ ನುಡಿಸಿದರೆ ದನಿ ಚುರುಕು. ನನಗೆ ತುಂಬ ಹಿಡಿಸಿದ್ದು ಮೇಲು ಸ್ಥಾಯಿಯ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆ: ತಂತಿಯನ್ನು ಎರಡು-ಮೂರರ ಪ್ರಮಾಣದಲ್ಲಿ ಭಾಗ ಮಾಡುವುದರಿಂದ ಒಂದು ಮಗ್ಗುಲು ಷಡ್ಜವಾದರೆ ಇನ್ನೊಂದು ಮಗ್ಗುಲು ಅದರ ಪಂಚಮ. ಒಂದೊಂದು ಸ್ವರಕ್ಕೂ ಹಲವು ತಂತಿ. ಚೌಡಯ್ಯನವರು ನಾದ ತುಂಬಿ ಬರಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಊರಿದು. ಆ ತುಂಬುತನ ಇದರಲ್ಲೂ ಇದೆ.

ಮೋಹನ, ಹಂಸಧ್ವನಿ ನುಡಿಸಿದರೆ ಕೇಳುತ್ತ ಕೂತುಬಿಡಬೇಕು. ತೋಡಿ ಮಾತ್ರ ಬೇಡ. ಗಾಂಧಾರ ಅಲುಗಾಡಬೇಕಲ್ಲ, ಇಲ್ಲಿ ಸ್ವರ ನೆಟ್ಟ ಕಡೆಯೇ ನಿಲ್ಲುತ್ತದೆ. ಎಡಗೈಯಿಂದ ತಂತಿ ಒತ್ತಿ ಸ್ವಲ್ಪ ಜಗ್ಗಿಸಬಹುದು, ಅಷ್ಟರಿಂದ ತೋಡಿ ಆಗುವುದಿಲ್ಲ. ಇನ್ನೊಂದು ತೊಡಕು, ನುಡಿಸಿದ ಸ್ವರ ಬೇಗ ಅಡಗದು. ವೇಗದ ಕಾಲಕ್ಕೆ ಹೋದರೆ ಸರಿಗಮ ಒಂದರೊಳಗೊಂದು ಕಲಸಿಕೊಳ್ಳುತ್ತದೆ, ಅಂಗೈಯಿಂದ ತಂತಿ ಅದುಮುವ ಅಭ್ಯಾಸ ಬೇಕು.

ಮಳೆಗಾಲದಲ್ಲಿ ಶ್ರುತಿ ಬೇಗ ಕೆಡುತ್ತದೆ. ತಂತಿಯ ಕೆಳಗಿನ ಉರುಳುಗುಂಡು ಸರಿಸಿ ತುಸು ಏರುಪೇರು ಸರಿ ಮಾಡಬಹುದು. ಪೂರ್ತಿ ಕೆಟ್ಟಿದ್ದರೆ ಕೀಲಿ ಹಾಕಿ ಬಿರಡೆ ತಿರುಗಿಸಲೇಬೇಕು, ಅದಕ್ಕೆ ಅರ್ಧ ದಿನವೇ ಬೇಕು. ಮೇಲಿನ ಬರೀ ಉಕ್ಕಿನ ತಂತಿ ಹರಿದರೆ ದಪ್ಪ ಅಳೆದು ಗಿಟಾರ್ ಅಂಗಡಿಯಿಂದ ತಂದು ಕಟ್ಟುತ್ತೇನೆ. ತಾಮ್ರ ಸುತ್ತಿದ ಮಂದ್ರದ ತಂತಿ ಇಲ್ಲಿ ಸಿಗಲಿಲ್ಲ, ಕೊಳ್ಳುವವರು ವಾದ್ಯದ ಜೊತೆಗೇ ಒಂದು ಜೊತೆ ಕೇಳಿ ತರಿಸಿಕೊಳ್ಳಿ.