ಮಿಕ್ಸರ್ ಸ್ಟೇಜ್ ಮೇಲೆ, ನಾವು ಹಾಲ್‌ನಲ್ಲಿ: ಮೂರು ಸಾಫ್ಟ್‌ವೇರ್‌ಗಳ ಹೋಲಿಕೆ

ಫೇಡರ್ (ಸೌಂಡ್ ಏರಿಸಿ ಇಳಿಸೋ ಜಾರುಗುಂಡಿ) ಒಂದೂ ಇಲ್ಲದ ಡಿಜಿಟಲ್ ಮಿಕ್ಸರ್ ಅಂದರೆ ಕೊಡಗಿನ ನಮ್ಮ ಗೋಣಿಕೊಪ್ಪ ಕಡೆ ಇನ್ನೂ ಕೆಲವರು ನಗುತ್ತಾರೆ. ನೋಡೋಕೆ ಒಂದು ಪೆಟ್ಟಿಗೆ, ಮೈಕ್ ಸಿಕ್ಕಿಸೋ ತೂತುಗಳು, ಹೆಡ್‌ಫೋನ್‌ಗೆ ಒಂದು ಗುಂಡಿ, ಅಷ್ಟೇ. ಆದರೆ ಅದನ್ನು ಸ್ಟೇಜ್ ಪಕ್ಕ ಇಟ್ಟರೆ ಹಾಲ್ ಉದ್ದಕ್ಕೂ ದಪ್ಪ ಕೇಬಲ್ ಎಳೆಯೋ ಕೆಲಸ ತಪ್ಪುತ್ತದೆ. ಸೀರೆ ಸೆರಗು, ಮಕ್ಕಳ ಕಾಲು ಕೇಬಲ್‌ಗೆ ಸಿಕ್ಕಿಕೊಳ್ಳೋ ಭಯವೂ ಇಲ್ಲ. ಒಂದೇ ತೊಂದರೆ: ಸಾಫ್ಟ್‌ವೇರ್ ಮಾತು ಕೇಳದಿದ್ದರೆ ಒಂದು ಮೈಕ್ ಮ್ಯೂಟ್ ಮಾಡೋಕೂ ಬೇರೆ ದಾರಿ ಇಲ್ಲ.

ಅದಕ್ಕೇ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬೆರಿಂಜರ್ ಎಕ್ಸ್‌ಆರ್18 ಮಿಕ್ಸರ್‌ಗೆ ಕಂಪನಿಯದೇ ಆದ ಎಕ್ಸ್ ಏರ್ ಎಡಿಟ್, ಲ್ಯಾಪ್‌ಟಾಪ್‌ನಲ್ಲಿ. ಅದೇ ಮಿಕ್ಸರ್‌ಗೆ ಮಿಕ್ಸಿಂಗ್ ಸ್ಟೇಷನ್ ಅನ್ನೋ ಆ್ಯಪ್, ಟ್ಯಾಬ್‌ನಲ್ಲಿ. ಮೂರನೆಯದು ಗೆಳೆಯರ ಹತ್ತಿರ ಇರೋ ಸೌಂಡ್‌ಕ್ರಾಫ್ಟ್ ಯುಐ16. ಅದಕ್ಕೆ ಆ್ಯಪೇ ಬೇಡ, ಬ್ರೌಸರ್ ಸಾಕು. ಮದುವೆ ಇಲ್ಲದ ಕಕ್ಕಡ ತಿಂಗಳಲ್ಲಿ ಮನೆಯಲ್ಲಿ ಕೂತು ಕಲಿತದ್ದು, ಆಮೇಲೆ ಕೊಡವ ಸಮಾಜದ ಮದುವೆ, ಶಾಲೆ ವಾರ್ಷಿಕೋತ್ಸವ, ಹೋಂಸ್ಟೇ ಪಾರ್ಟಿಗಳಲ್ಲಿ ಓಡಿಸಿ ನೋಡಿದ್ದು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಬದಲಾಯಿಸಿದರೆ ಸೌಂಡ್ ಬದಲಾಗಲ್ಲ. ಇಕ್ಯೂ (ದಪ್ಪ, ತೆಳು ಸ್ವರಗಳನ್ನು ಹೆಚ್ಚು ಕಮ್ಮಿ ಮಾಡೋದು), ಕಂಪ್ರೆಸರ್ (ಜೋರು ಸದ್ದನ್ನು ಹಿಡಿದಿಡೋದು), ರಿವರ್ಬ್ (ದನಿಗೆ ಗುಂಯ್ ಅನ್ನೋ ಅನುರಣನ ಕೊಡೋದು) ಎಲ್ಲ ನಡೆಯೋದು ಪೆಟ್ಟಿಗೆಯೊಳಗೆ. ಲ್ಯಾಪ್‌ಟಾಪ್ ಬರೀ ರಿಮೋಟ್. ಸಂಪರ್ಕ ಕಡಿದರೂ ಹಾಡು ನಿಲ್ಲಲ್ಲ, ಎಲ್ಲಿತ್ತೋ ಅಲ್ಲೇ ನಡೆಯುತ್ತದೆ. ಹಾಗಾಗಿ ನಾನು ನೋಡಿದ್ದು ಎರಡೇ: ಕೈ ಎಷ್ಟು ಬೇಗ ಓಡುತ್ತೆ, ಮತ್ತೆ ಕನೆಕ್ಷನ್ ಹೋಗಿ ಬಂದಾಗ ಏನಾಗುತ್ತೆ.

ಎಕ್ಸ್ ಏರ್ ಎಡಿಟ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ದೊಡ್ಡ ಸ್ಕ್ರೀನ್‌ನಲ್ಲಿ ಎಲ್ಲ ಚಾನೆಲ್ ಒಟ್ಟಿಗೆ ಕಾಣೋದೇ ಇದರ ದೊಡ್ಡ ಗುಣ. ಇಕ್ಯೂ ಗೆರೆಯ ಹಿಂದೆಯೇ ಆರ್‌ಟಿಎ, ಅಂದರೆ ಯಾವ ಸ್ವರ ಎಷ್ಟು ಜೋರಿದೆ ಅಂತ ತೋರಿಸೋ ಕಡ್ಡಿಗಳ ಸಾಲು, ಕುಣಿಯುತ್ತಿರುತ್ತದೆ. ಮಾನಿಟರ್ (ಹಾಡೋರಿಗೆ ತಮ್ಮ ದನಿ ಕೇಳಿಸೋ ಸ್ಟೇಜ್ ಸ್ಪೀಕರ್) ಕೂಯ್ ಅಂದ ಕೂಡಲೇ ಒಂದು ಕಡ್ಡಿ ಎದ್ದು ನಿಲ್ಲುತ್ತೆ. ಅಲ್ಲಿಗೇ ಹೋಗಿ ಸಣ್ಣಗೆ ಒಂದು ಕಚ್ಚು ಹಾಕಿದರೆ ಮುಗೀತು. ಸೌಂಡ್‌ಚೆಕ್‌ಗೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಜೊತೆಗೆ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಬಹುದು. ಜನ ಎಷ್ಟೇ ತುಂಬಲಿ, ಕೇಬಲ್‌ಗೆ ಏನೂ ಆಗಲ್ಲ.

ಇದರಲ್ಲಿ ಎರಡು ಕಡೆ ಹುಷಾರಾಗಿರಬೇಕು. ಕನೆಕ್ಟ್ ಮಾಡುವಾಗ ಅದು ಕೇಳುತ್ತೆ: ಮಿಕ್ಸರ್‌ನಲ್ಲಿ ಇರೋದನ್ನು ಲ್ಯಾಪ್‌ಟಾಪ್‌ಗೆ ತರಲಾ, ಲ್ಯಾಪ್‌ಟಾಪ್‌ನದನ್ನು ಮಿಕ್ಸರ್‌ಗೆ ಕಳಿಸಲಾ? ಕಾರ್ಯಕ್ರಮದ ನಡುವೆ ಎರಡನೆಯದನ್ನು ಒತ್ತಿದರೆ ಸೌಂಡ್‌ಚೆಕ್ ಪೂರ್ತಿ ನೀರುಪಾಲು. ಇನ್ನೊಂದು, ಬಲಗಡೆ ಬಸ್ 1 (ಒಂದು ಮಾನಿಟರ್‌ಗೆ ಸೌಂಡ್ ಹೋಗೋ ದಾರಿ) ಆರಿಸಿದ ಕೂಡಲೇ ಫೇಡರ್‌ಗಳೆಲ್ಲ ಆ ಮಾನಿಟರ್‌ಗೆ ಎಷ್ಟು ಕಳಿಸಬೇಕು ಅನ್ನೋ ಸೆಂಡ್ ಆಗಿಬಿಡುತ್ತವೆ. ಮತ್ತೆ ಮೇನ್‌ಗೆ (ಹಾಲ್ ಸ್ಪೀಕರ್‌ಗಳಿಗೆ) ಬರದೆ ಫೇಡರ್ ಏರಿಸಿದರೆ ಹಾಲ್‌ನಲ್ಲಿ ಏನೂ ಆಗಲ್ಲ, ಗಾಯಕರ ಕಿವಿ ಮಾತ್ರ ಹಾರಿಹೋಗುತ್ತೆ.

ಮೌಸ್‌ನ ಮಿತಿ ಬೇರೆ. ಒಂದು ಸಲಕ್ಕೆ ಒಂದೇ ಫೇಡರ್. ದುಡಿ ಬಾರಿಸಿಕೊಂಡು ಹಾಡೋ ಕೊಡವರ ದುಡಿಕೊಟ್ಟ್ ಪಾಟ್‌ನಲ್ಲಿ ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ತಿರುಗಿ ಹಾಡುತ್ತಾರೆ, ಅಲ್ವಾ? ಆ ಜೋಡಿಯ ಎರಡು ಮೈಕ್ ಏರಿಸಿ ಈ ಜೋಡಿಯದನ್ನು ಇಳಿಸಬೇಕು ಅಂದರೆ ಮೌಸ್ ಹಿಡಿದವನ ಕೈ ಹಿಂದೆ ಬೀಳುತ್ತದೆ. ಡಿಸಿಎ (ಹಲವು ಮೈಕ್‌ಗಳನ್ನು ಒಟ್ಟಿಗೆ ಏರಿಸಿ ಇಳಿಸೋ ಒಂದೇ ಫೇಡರ್) ಮಾಡಿಕೊಂಡರೆ ಸುಲಭ, ನಿಜ. ಆದರೆ ಯಾರು ಯಾವ ಮೈಕ್ ಮುಂದೆ ನಿಲ್ಲುತ್ತಾರೆ ಅಂತ ಗೊತ್ತಾಗೋದೇ ಹಾಡು ಶುರುವಾದ ಮೇಲೆ.

ಮಿಕ್ಸಿಂಗ್ ಸ್ಟೇಷನ್ ಗೆಲ್ಲೋದು ಇಲ್ಲೇ. ಎರಡು ಬೆರಳು, ಎರಡು ಫೇಡರ್. ಇದು ಬೆರಿಂಜರ್‌ನದ್ದಲ್ಲ, ಹೊರಗಿನವರು ಮಾಡಿದ್ದು. ಬೇರೆ ಬೇರೆ ಕಂಪನಿಗಳ ಮಿಕ್ಸರ್‌ಗೂ ನಡೆಯುತ್ತೆ. ಹೊರಗಿನವರಿಗೆ ಇದು ಸಾಧ್ಯವಾದದ್ದು ಎಕ್ಸ್‌ಆರ್18 ಓಎಸ್‌ಸಿ ಅನ್ನೋ ತೆರೆದ ಭಾಷೆಯಲ್ಲಿ ಮಾತಾಡುವುದರಿಂದ. ಒಂದನೇ ಚಾನೆಲ್‌ನ ಫೇಡರ್‌ಗೆ ಒಂದು ವಿಳಾಸ, ಅದರ ಜೊತೆ 0ಯಿಂದ 1ರ ನಡುವಿನ ಒಂದು ಅಂಕಿ, ಅಷ್ಟೇ ಸಂದೇಶ. 10 ಸೆಕೆಂಡ್ ಮುಗಿಯೋದರೊಳಗೆ ಆ್ಯಪ್ ‘ನಾನಿನ್ನೂ ಇದ್ದೀನಿ’ ಅಂತ ಹೇಳುತ್ತಲೇ ಇರಬೇಕು. ಇಲ್ಲದಿದ್ದರೆ ಮಿಕ್ಸರ್ ಬದಲಾವಣೆಗಳನ್ನು ಕಳಿಸೋದು ನಿಲ್ಲಿಸುತ್ತೆ.

ಬೇಕಾದ ಫೇಡರ್‌ಗಳನ್ನಷ್ಟೇ ಒಂದು ಪುಟದಲ್ಲಿ ಜೋಡಿಸಿಕೊಳ್ಳಬಹುದು. ನನ್ನ ಮದುವೆ ಪುಟದಲ್ಲಿ ಎರಡು ಕಾರ್ಡ್‌ಲೆಸ್ ಮೈಕ್, ಹಾಡು ಹಾಕೋ ಲ್ಯಾಪ್‌ಟಾಪ್, ಒಂದು ದೊಡ್ಡ ಮ್ಯೂಟ್ ಬಟನ್, ಮುಗೀತು. ಸ್ಪೀಕರ್ ಮುಂದೆ ಮೈಕ್ ಹಿಡಿದು ಓಡಾಡೋ ನೆಂಟರು ಎಲ್ಲ ಮದುವೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೋಸ್ಕರ ಆ ಬಟನ್. ಸ್ಟೇಜ್ ಮೇಲೆ ಹೋಗಿ ಗಾಯಕರ ಪಕ್ಕದಲ್ಲೇ ನಿಂತು ಮಾನಿಟರ್ ಸರಿಮಾಡೋ ಸುಖವೂ ಟ್ಯಾಬ್‌ನಲ್ಲೇ ಇರೋದು. ಕಲಿಯೋಕೆ ಮಾತ್ರ ಟೈಮ್ ಬೇಕು, ಸೆಟ್ಟಿಂಗ್‌ಗಳು ಸಿಕ್ಕಾಪಟ್ಟೆ. ಪೂರ್ತಿ ಬಳಸಬೇಕಾದರೆ ದುಡ್ಡು ಕೊಡಬೇಕು. ಕೊಟ್ಟದ್ದಕ್ಕೆ ಬೇಜಾರಿಲ್ಲ.

ಯುಐ16 ಬಗ್ಗೆ ಜಾಸ್ತಿ ಹೇಳೋದಿಲ್ಲ, ಯಾಕಂದರೆ ಅದರಲ್ಲಿ ಕಲಿಯೋದೇ ಕಮ್ಮಿ. ಮಿಕ್ಸರ್‌ನ ವೈಫೈ ಹಿಡಿದು ಬ್ರೌಸರ್‌ನಲ್ಲಿ 10.10.1.1 ಅಂತ ಹೊಡೆದರೆ ಮಿಕ್ಸರೇ ಪುಟ ಕಳಿಸುತ್ತೆ. ಯಾವ ಫೋನ್ ಆದರೂ ಸರಿ. ಗಾಯಕರು ತಮ್ಮ ಮಾನಿಟರ್ ತಾವೇ ಹೆಚ್ಚು ಕಮ್ಮಿ ಮಾಡಿಕೊಳ್ಳಬಹುದು. ದೇವಸ್ಥಾನದ ಸಮಿತಿಗೋ ಶಾಲೆಗೋ ಯಾವುದು ತಗೊಳ್ಳೋದು ಅಂತ ಕೇಳಿದರೆ ನಾನು ಇದನ್ನೇ ಹೇಳೋದು. ದಿನಾ ಕೆಲಸ ಮಾಡೋನಿಗೆ ಪುಟ ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳೋ ಸ್ವಾತಂತ್ರ್ಯ ಸಾಲದು ಅನ್ನಿಸುತ್ತೆ.

ಇನ್ನು ಕನೆಕ್ಷನ್. ಮಿಕ್ಸರ್ ಒಳಗೇ ಬರೋ ವೈಫೈ ಯಾವ ಕಂಪನಿಯದಾದರೂ ನಾನು ಮದುವೆಗೆ ನಂಬಲ್ಲ. ಎಕ್ಸ್‌ಆರ್18ರಲ್ಲೂ ಯುಐ16ರಲ್ಲೂ ಅದು 2.4 ಗಿಗಾಹರ್ಟ್ಸ್. ಸಂಜೆ ಖಾಲಿ ಹಾಲ್‌ನಲ್ಲಿ ಗೋಡೆಯಾಚೆಗೂ ಸಿಗುತ್ತೆ. ಮಾರನೇ ದಿನ ಕುರ್ಚಿ ತುಂಬಿ, ಎಲ್ಲರ ಜೇಬಲ್ಲೂ ಫೋನ್ ಇದ್ದಾಗ ಮೀಟರ್ ತಡವರಿಸೋಕೆ ಶುರು. ಮನುಷ್ಯನ ಮೈಯಲ್ಲಿರೋದು ಜಾಸ್ತಿ ನೀರೇ, ಆ ತರಂಗವನ್ನು ಚೆನ್ನಾಗಿ ನುಂಗುತ್ತೆ. ಹಾಗಾಗಿ ಎಕ್ಸ್‌ಆರ್18ರ ಸ್ವಿಚ್ಚನ್ನು ಈಥರ್ನೆಟ್‌ಗೆ ಹಾಕಿ, ಹೊರಗೆ 5 ಗಿಗಾಹರ್ಟ್ಸ್ ಇರೋ ಒಂದು ರೂಟರ್ ಇಡುತ್ತೇನೆ. ಅದನ್ನು ಸ್ಟ್ಯಾಂಡ್‌ಗೆ ಕಟ್ಟಿ ಜನರ ತಲೆಗಿಂತ ಮೇಲೆ ನಿಲ್ಲಿಸಬೇಕು. ಇಷ್ಟು ಮಾಡಿದ ಮೇಲೆ ಟ್ಯಾಬ್ ಕೈಕೊಟ್ಟದ್ದು ಅಪರೂಪ.

ಕರೆಂಟ್ ವಿಷಯ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಿಕ್ಸರ್, ರೂಟರ್ ಎರಡೂ ಒಂದೇ ಯುಪಿಎಸ್ ಮೇಲಿರಲಿ. ಬರೀ ಮಿಕ್ಸರ್‌ಗೆ ಕೊಟ್ಟರೆ ಜನರೇಟರ್ ಹಿಡಿಯೋ ಹೊತ್ತಿಗೆ ರೂಟರ್ ಸತ್ತು ಹುಟ್ಟಬೇಕು, ಅಲ್ಲಿವರೆಗೆ ನೀವು ಸುಮ್ನೆ ಪ್ರೇಕ್ಷಕರು. ಎಕ್ಸ್‌ಆರ್18ರಲ್ಲಿ 64 ಸ್ನ್ಯಾಪ್‌ಶಾಟ್ (ಎಲ್ಲ ಸೆಟ್ಟಿಂಗ್ ಇದ್ದ ಹಾಗೇ ಉಳಿಸಿಕೊಂಡದ್ದು) ಇಡಬಹುದು. ಸೌಂಡ್‌ಚೆಕ್ ಮುಗಿದ ಕೂಡಲೇ ಒಂದು ಅಲ್ಲಿ, ಒಂದು ಲ್ಯಾಪ್‌ಟಾಪ್‌ನಲ್ಲಿ ಉಳಿಸಿಬಿಡಿ.

ಈಗ ನನ್ನ ಜೋಡಣೆ ಹೀಗಿದೆ: ಸ್ಟೇಜ್ ಪಕ್ಕ ಕೇಬಲ್‌ನಲ್ಲಿ ಲ್ಯಾಪ್‌ಟಾಪ್, ಅಲ್ಲಿ ಹುಡುಗನೊಬ್ಬ. ಹಾಲ್‌ನಲ್ಲಿ ಟ್ಯಾಬ್ ಹಿಡಿದು ನಾನು. ಎರಡೂ ಒಟ್ಟಿಗೆ ನಡೆಯುತ್ತವೆ, ಒಂದರಲ್ಲಿ ಎಳೆದ ಫೇಡರ್ ಇನ್ನೊಂದರಲ್ಲೂ ಸರಿಯುತ್ತೆ. ಒಂದೇ ತಗೊಳ್ಳೋದಾದರೆ? ಬ್ಯಾಂಡ್, ನಾಟಕಕ್ಕೆ ಲ್ಯಾಪ್‌ಟಾಪ್. ಮದುವೆಗೆ ಟ್ಯಾಬ್. ಟ್ಯಾಬ್ ಬದಲು ಫೋನ್ ಬಳಸೋರು ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಫೋನ್ ತಾನಾಗಿಯೇ ಡೇಟಾಗೆ ಹಾರಿಬಿಡುತ್ತೆ, ಮಿಕ್ಸರ್ ಕಾಣೆ. ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿದರೆ ನಡುವೆ ಕಾಲ್ ಬರೋ ಕಾಟವೂ ಇಲ್ಲ.